ಉಂಡ ಮನೆಯ ಜಂತೆ ಎಣಿಸಿದ ಜಾನ್ ಗ್ರಿಯರ್ಸನ್

ನಮ್ಮ ಸಂಘದ ಹಿರಿಯ ಸದಸ್ಯರಿಗೆಲ್ಲ ಚೆನ್ನಾಗಿ ನೆನಪಿರುವ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಬೆಂಗಳೂರಿನ ಥಿಯೇಟರಾಗಲಿ, ಊರ ಹೊರಗಿನ ಟೆಂಟ್ ಸಿನಿಮಾ ಆಗಲಿ, ರಾಜ್‌ಕುಮಾರ್ ಚಿತ್ರ ನೋಡಲೆಂದು ಹೋಗಿ ಕುಳಿತರೆ ಪರದೆಯ ಮೇಲೆ ಮೊದಲು ಬರುತ್ತಿದ್ದುದು ರಾಜ್‌ಕುಮಾರ್ ಅಲ್ಲ, ಭಾರತ ಸರ್ಕಾರದ ಫಿಲಂಸ್ ಡಿವಿಜನ್. ಅಣೆಕಟ್ಟು, ರಸಗೊಬ್ಬರ, ಪ್ರಧಾನಮಂತ್ರಿಗಳ ಪ್ರವಾಸ, ಎಲ್ಲೋ ಒಂದು ಕಡೆ ಪ್ರವಾಹ, ಕೊನೆಗೆ ಒಂದಿಷ್ಟು ಕ್ರಿಕೆಟ್. ಹಿನ್ನೆಲೆಯಲ್ಲಿ ಗಂಭೀರವಾದ ಗಂಡು ಧ್ವನಿ. "ನ್ಯೂಸ್ ರೀಲು ಮುಗೀತಾ?" ಎಂದು ಗೇಟಿನವನನ್ನು ಕೇಳಿಕೊಂಡೇ ಒಳಗೆ ಬರುತ್ತಿದ್ದವರೂ ಇದ್ದರು. ಆ ರೀಲುಗಳನ್ನು ತೋರಿಸುವುದು ಚಿತ್ರಮಂದಿರದ ಮಾಲೀಕರಿಗೆ ಕಡ್ಡಾಯವಾಗಿತ್ತು. ಅದಕ್ಕೆ ಅವರು ಬಾಡಿಗೆಯನ್ನೂ ಕಟ್ಟಬೇಕಾಗಿತ್ತು.

ಸರ್ಕಾರವೇ ಹಣ ಹಾಕಿ ಸಾಮಾನ್ಯ ಜನರ ಬದುಕನ್ನು ಸಿನಿಮಾ ತೆಗೆಯಬೇಕು, ಅದನ್ನು ಸಾಮಾನ್ಯ ಜನರಿಗೇ ತೋರಿಸಬೇಕು ಎಂಬ ವಿಚಾರ ಎಲ್ಲಿಂದ ಬಂತು ಎಂದು ಆಗ ನಾವು ಯಾರೂ ಕೇಳಲಿಲ್ಲ. ಅದನ್ನು ಹುಡುಕುತ್ತಾ ಹೋದರೆ ನಾವು ಈಗ ನೆಲೆಸಿರುವ ಈ ಕೆನಡಾಕ್ಕೇ ಬಂದು ನಿಲ್ಲುತ್ತೇವೆ. ಇಲ್ಲಿಯ ರಾಷ್ಟ್ರೀಯ ಚಲನಚಿತ್ರ ಮಂಡಳಿಯನ್ನು, ಅಂದರೆ ನಮ್ಮ ಮಕ್ಕಳು ಶಾಲೆಯಲ್ಲಿ ನೋಡುವ ನ್ಯಾಷನಲ್ ಫಿಲಂ ಬೋರ್ಡಿನ ಚಿತ್ರಗಳ ಮೂಲವನ್ನು ಕಟ್ಟಿದವರು ಜಾನ್ ಗ್ರಿಯರ್ಸನ್. ಸ್ಕಾಟ್‌ಲೆಂಡಿನವರು. ಅವರು ನಿರ್ದೇಶಕರೆಂದು ಪೂರ್ತಿಯಾಗಿ ಹೆಸರು ಹಾಕಿಕೊಂಡ ದೊಡ್ಡ ಚಿತ್ರ ಒಂದೇ ಒಂದು. ಉಳಿದ ಆಯುಷ್ಯವೆಲ್ಲ ಸಂಸ್ಥೆ ಕಟ್ಟುವುದರಲ್ಲಿ, ಜನರನ್ನು ತಯಾರು ಮಾಡುವುದರಲ್ಲಿ, ಮಂತ್ರಿಗಳೊಡನೆ ಜಗಳವಾಡುವುದರಲ್ಲಿ, ಕಡೆಗೆ ಪಾಠ ಹೇಳುವುದರಲ್ಲಿ ಕಳೆಯಿತು.

'ಉಂಡ ಮನೆಯ ಜಂತೆ ಎಣಿಸಬಾರದು' ಎಂದು ನಮ್ಮ ಹಿರಿಯರು ಹೇಳುತ್ತಾರೆ. ಸರ್ಕಾರದ ಅನ್ನ ಉಂಡು ಸಾಕ್ಷ್ಯಚಿತ್ರ ತೆಗೆಯುವವನ ಕಸುಬೇ ಜಂತೆ ಎಣಿಸುವುದು. ಎಣಿಸದಿದ್ದರೆ ಅದು ಜಾಹೀರಾತು. ಎಣಿಸಿದರೆ ಮನೆಯ ಯಜಮಾನ ಮುಂದಿನ ಊಟ ಹಾಕುವುದಿಲ್ಲ. ಈ ಇಕ್ಕಟ್ಟಿನೊಳಗೆ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಬಾಳಿದ ಮನುಷ್ಯನ ಕಥೆ ಇದು.

ಗ್ರಿಯರ್ಸನ್ ಹುಟ್ಟಿದ್ದು 1898ರ ಏಪ್ರಿಲ್ 26ರಂದು, ಸ್ಟರ್ಲಿಂಗ್ ಪಟ್ಟಣದ ಹತ್ತಿರದ ಡೀನ್‌ಸ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಶಾಲಾ ಮೇಷ್ಟ್ರು. ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ಕೇಂಬಸ್‌ಬ್ಯಾರನ್ ಎಂಬ ಇನ್ನೊಂದು ಹಳ್ಳಿಗೆ ಹೆಡ್‌ಮಾಸ್ಟರಾಗಿ ವರ್ಗವಾಗಿ ಬಂದರು. ತಾಯಿ ಕೂಡ ಉಪಾಧ್ಯಾಯಿನಿ. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದವರು, ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಮಕ್ಕಳಿಗೆ ಗಂಜಿ ಕೇಂದ್ರ ನಡೆಸಿದವರು. ತಂದೆಯ ಕಡೆಯವರು ದೀಪಸ್ತಂಭ ಕಾಯುತ್ತಿದ್ದ ಸಮುದ್ರದ ಜನ. ಮೇಷ್ಟ್ರ ಮಗ ಎಂದರೆ ನಮ್ಮವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಮನೆಯಲ್ಲಿ ಬೆಳೆದವರು ಆಜೀವ ಬುದ್ಧಿ ಹೇಳುತ್ತಲೇ ಇರುತ್ತಾರೆ. ಗ್ರಿಯರ್ಸನ್ ಅದಕ್ಕೆ ಹೊರತಾಗಿರಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ನೌಕಾದಳ ಸೇರಿ, ಸಮುದ್ರದಲ್ಲಿ ಶತ್ರುಗಳು ಹುದುಗಿಸಿಟ್ಟ ಸಿಡಿಗುಂಡುಗಳನ್ನು ಹೆಕ್ಕುವ ಹಡಗುಗಳಲ್ಲಿ ತಂತಿ ಕಳಿಸುವ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ನೀತಿಶಾಸ್ತ್ರ ಓದಿ 1923ರಲ್ಲಿ ಎಂ.ಎ. ಮಾಡಿಕೊಂಡರು.

ಮುಂದಿನ ವರ್ಷ ನಡೆದುದು ನಮಗೆ, ವಲಸೆ ಬಂದವರಿಗೆ, ವಿಶೇಷ ಕುತೂಹಲದ ವಿಷಯ. ರಾಕ್‌ಫೆಲರ್ ವಿದ್ಯಾರ್ಥಿವೇತನ ಪಡೆದು 1924ರಲ್ಲಿ ಅವರು ಅಮೆರಿಕಕ್ಕೆ ಹೋದರು. ಷಿಕಾಗೋದಲ್ಲಿ ಅವರು ಅಧ್ಯಯನಕ್ಕೆ ಎತ್ತಿಕೊಂಡಿದ್ದು ಸಿನಿಮಾವನ್ನಲ್ಲ, ವಲಸೆಗಾರರನ್ನು. ಜರ್ಮನಿ, ಪೋಲೆಂಡ್, ಇಟಲಿ, ಗ್ರೀಸ್ ಮುಂತಾದ ಕಡೆಗಳಿಂದ ಬಂದ ಜನ ತಮ್ಮ ತಮ್ಮ ಭಾಷೆಯ ಪತ್ರಿಕೆಗಳನ್ನು ಓದಿಕೊಂಡು ತಮ್ಮ ತಮ್ಮ ಬೀದಿಗಳಲ್ಲಿ ಬಾಳುತ್ತಿದ್ದರು. ಅವರ ಮಕ್ಕಳು ಮಾತ್ರ ಇಂಗ್ಲಿಷ್ ಪತ್ರಿಕೆಗಳತ್ತ, ಅದರಲ್ಲೂ ದಪ್ಪ ತಲೆಬರಹ, ದೊಡ್ಡ ಫೋಟೋ, ಕೊಲೆ ಸುಲಿಗೆಯ ಕಥೆಗಳಿದ್ದ ಅಗ್ಗದ ಪತ್ರಿಕೆಗಳತ್ತ ಹೊರಳುತ್ತಿದ್ದರು. ಪಂಡಿತರೆಲ್ಲ ಆ ಪತ್ರಿಕೆಗಳನ್ನು ಕಂಡು ಮೂಗು ಮುರಿಯುತ್ತಿದ್ದಾಗ ಈ ಸ್ಕಾಟಿಷ್ ಯುವಕ ಅವನ್ನು ಮನಸ್ಸಿಟ್ಟು ಓದಿದ. ಹೊಸ ನಾಡಿನ ಭಾಷೆ ಅರ್ಧಂಬರ್ಧ ಬರುವವನಿಗೂ ಆ ನಾಡನ್ನು ಪರಿಚಯಿಸುತ್ತಿದ್ದುದು ಶಾಲೆಗಿಂತ, ಚರ್ಚಿಗಿಂತ ಹೆಚ್ಚಾಗಿ ಆ ಪತ್ರಿಕೆಗಳೇ ಎಂದು ಕಂಡುಕೊಂಡ. ಅವು ಸುದ್ದಿಯನ್ನು ಸುದ್ದಿಯಾಗಿ ಹೇಳುತ್ತಿರಲಿಲ್ಲ, ಕಥೆಯಾಗಿ ಹೇಳುತ್ತಿದ್ದವು. ಗುಟ್ಟು ಅಲ್ಲಿತ್ತು.

ಆ ಕಾಲದಲ್ಲಿ ವಾಲ್ಟರ್ ಲಿಪ್‌ಮನ್ ಎಂಬ ಅಮೆರಿಕನ್ ಚಿಂತಕರು ಒಂದು ಕಠಿಣವಾದ ಪ್ರಶ್ನೆ ಎತ್ತಿದ್ದರು. ಪ್ರಜಾಪ್ರಭುತ್ವದಲ್ಲಿ ಎಲ್ಲರೂ ಎಲ್ಲವನ್ನೂ ತಿಳಿದು ಮತ ಹಾಕಬೇಕು ಎನ್ನುತ್ತೇವೆ. ಆದರೆ ಈ ಕಾಲದ ಜಗತ್ತು ಎಷ್ಟು ಗೋಜಲಾಗಿದೆಯೆಂದರೆ ದಿನವಿಡೀ ದುಡಿದು ಬರುವ ಮನುಷ್ಯ ಅದನ್ನು ಅರಿಯುವುದು ಅಸಾಧ್ಯ. ಹಾಗಿದ್ದ ಮೇಲೆ ಪ್ರಜಾಪ್ರಭುತ್ವದ ಗತಿಯೇನು? ಗ್ರಿಯರ್ಸನ್ ಲಿಪ್‌ಮನ್ನರನ್ನು ಭೇಟಿಯಾದರು. ಪತ್ರಿಕೆಗಳ ಜೊತೆಗೆ ಸಿನಿಮಾವನ್ನೂ ನೋಡು ಎಂಬ ಸಲಹೆ ಅವರಿಂದಲೇ ಬಂತು. ಹಳ್ಳಿಯ ಮೇಷ್ಟ್ರ ಮಗನಿಗೆ ಉತ್ತರ ಹೊಳೆದದ್ದು ಅಲ್ಲಿ: ಜನ ಅರಿಯಲಾರರು ಎಂಬುದು ಸುಳ್ಳು, ಅವರಿಗೆ ತಿಳಿಯುವಂತೆ ನಾವು ಹೇಳುತ್ತಿಲ್ಲ ಎಂಬುದು ನಿಜ.

1926ರ ಫೆಬ್ರವರಿ 8ರ 'ನ್ಯೂಯಾರ್ಕ್ ಸನ್' ಪತ್ರಿಕೆಯಲ್ಲಿ ಅವರು ರಾಬರ್ಟ್ ಫ್ಲಾಹರ್ಟಿಯವರ 'ಮೋಆನಾ' ಎಂಬ ಚಿತ್ರದ ವಿಮರ್ಶೆ ಬರೆದರು. ಸಮೋವಾ ದ್ವೀಪದ ಒಬ್ಬ ಯುವಕನ ದಿನನಿತ್ಯದ ಬದುಕಿನ ಚಿತ್ರ ಅದು. ಅದಕ್ಕೆ 'ಡಾಕ್ಯುಮೆಂಟರಿ' ಮೌಲ್ಯವಿದೆ ಎಂದು ಆ ವಿಮರ್ಶೆಯಲ್ಲಿ ಒಂದು ಮಾತು ಬಂತು. ಇಂಗ್ಲಿಷಿನಲ್ಲಿ ಆ ಶಬ್ದ ಸಿನಿಮಾದ ಒಂದು ಜಾತಿಯ ಹೆಸರಾಗಿ ನಿಂತದ್ದು ಅಲ್ಲಿಂದ ಮುಂದೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನ್ನಡದಲ್ಲಿ ನಾವು ಇದನ್ನು ಸಾಕ್ಷ್ಯಚಿತ್ರ ಎನ್ನುತ್ತೇವೆ. ಸಾಕ್ಷಿ ಎಂದೊಡನೆ ಕೋರ್ಟಿನ ಕಟಕಟೆ, ಪ್ರಮಾಣವಚನ ಎಲ್ಲ ನೆನಪಾಗುತ್ತವೆ. ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಗ್ರಿಯರ್ಸನ್ ಮುಂದೆ ಕೊಟ್ಟ ಪ್ರಸಿದ್ಧ ವ್ಯಾಖ್ಯೆ ಅಷ್ಟು ಕಟ್ಟುನಿಟ್ಟಾದದ್ದಲ್ಲ. ವಾಸ್ತವವನ್ನು ಸೃಜನಶೀಲವಾಗಿ ನಿರೂಪಿಸುವುದು ಎಂದು ಅವರ ಮಾತಿನ ತಾತ್ಪರ್ಯ. ನಮ್ಮ ಶಬ್ದ ಅವರ ಶಬ್ದಕ್ಕಿಂತ ಒಂದು ಕೈ ಹೆಚ್ಚು ಪ್ರಾಮಾಣಿಕತೆಯನ್ನು ಕೇಳುತ್ತದೆ. ಅವರು ಮಾಡಿದ ಕೆಲಸವನ್ನು ಅಳೆಯಲು ಇಂಗ್ಲಿಷ್ ಶಬ್ದಕ್ಕಿಂತ ಕನ್ನಡದ ಶಬ್ದವೇ ಒಳ್ಳೆಯ ಅಳತೆಗೋಲು ಎಂದು ನನ್ನ ಅಭಿಪ್ರಾಯ.

1927ರಲ್ಲಿ ಬ್ರಿಟನ್ನಿಗೆ ಮರಳಿದ ಗ್ರಿಯರ್ಸನ್ ಎಂಪೈರ್ ಮಾರ್ಕೆಟಿಂಗ್ ಬೋರ್ಡಿನ ಕಾರ್ಯದರ್ಶಿ ಸ್ಟೀಫನ್ ಟ್ಯಾಲೆಂಟ್ಸ್ ಎಂಬುವರನ್ನು ಕಂಡರು. ಹೆಸರೇ ಹೇಳುವಂತೆ ಅದು ಸಾಮ್ರಾಜ್ಯದ ಸರಕುಗಳನ್ನು ಬ್ರಿಟಿಷ್ ಗಿರಾಕಿಗಳಿಗೆ ಮಾರಲು ಹುಟ್ಟಿದ ಸರ್ಕಾರಿ ಸಂಸ್ಥೆ. ಸಿನಿಮಾ ತೆಗೆಯಲು ಖಜಾನೆಯವರ ಒಪ್ಪಿಗೆ ಬೇಕಿತ್ತು. ಅವರಿಗೆ ಸಿನಿಮಾ ಎಂದರೆ ದುಂದುವೆಚ್ಚ. ಆಗ ಖಜಾನೆಯ ಹೊಣೆ ಹೊತ್ತಿದ್ದ ಕಿರಿಯ ಮಂತ್ರಿ ಆರ್ಥರ್ ಮೈಕೆಲ್ ಸ್ಯಾಮ್ಯುಯೆಲ್ ಅವರಿಗೆ ಹೆರಿಂಗ್ ಮೀನೆಂದರೆ ಪ್ರಾಣ. ಬ್ರಿಟನ್ನಿನ ಇತಿಹಾಸದ ಮೇಲೆ ಹೆರಿಂಗ್ ಮೀನಿನ ಪ್ರಭಾವ ಕುರಿತು ಒಂದು ಪುಸ್ತಕವನ್ನೇ ಬರೆದಿದ್ದರು! ಹಾಗಾದರೆ ನಮ್ಮ ಮೊದಲ ಚಿತ್ರ ಹೆರಿಂಗ್ ಮೀನುಗಾರರ ಮೇಲೆ ಎಂದರು ಇವರು. ಹಣ ಮಂಜೂರಾಯಿತು. ಸರ್ಕಾರಿ ಕಚೇರಿಗಳಲ್ಲಿ ಅಲೆದು ಬಲ್ಲ ನಮ್ಮವರು ಈ ಜಾಣ್ಮೆಯನ್ನು ಮೆಚ್ಚದೆ ಇರಲಾರರು.

ಹೆರಿಂಗ್ ನಮ್ಮ ಮಂಗಳೂರಿನ ಬೂತಾಯಿಯ ಬಂಧು. ಉತ್ತರ ಸಮುದ್ರದಲ್ಲಿ ರಾತ್ರಿಯೆಲ್ಲ ಬಲೆ ಬಿಟ್ಟುಕೊಂಡು ಹಡಗು ತೇಲಬೇಕು. ಬೆಳಗಿನ ಜಾವ ಮೈಲುಗಟ್ಟಲೆ ಬಲೆಯನ್ನು ಎಳೆದು ಒಳಗೆ ಹಾಕಬೇಕು. ಆ ಮೀನುಗಾರರ ಒಂದು ಪಯಣವೇ 'ಡ್ರಿಫ್ಟರ್ಸ್' ಚಿತ್ರ. ಮಾತಿಲ್ಲದ ಚಿತ್ರ. ಅದುವರೆಗೆ ಇಂಗ್ಲಿಷ್ ಸಿನಿಮಾಗಳಲ್ಲಿ ದುಡಿಯುವವನು ಬಂದರೆ ನಗಿಸುವುದಕ್ಕೆ, ಇಲ್ಲವೆ ಬಾಗಿಲು ತೆಗೆಯುವುದಕ್ಕೆ ಬರುತ್ತಿದ್ದ. ಇಲ್ಲಿ ಅವನ ಕೈ, ಅವನ ಬೆನ್ನು, ಅವನು ಕುಡಿಯುವ ಚಹಾ ಪರದೆಯ ತುಂಬ ಬಂದವು. 1929ರ ನವೆಂಬರ್ 10ರಂದು ಲಂಡನ್ನಿನ ಫಿಲಂ ಸೊಸೈಟಿಯಲ್ಲಿ ಮೊದಲ ಪ್ರದರ್ಶನ. ಅದೇ ದಿನ ಅದೇ ವೇದಿಕೆಯಲ್ಲಿ ಐಸೆನ್‌ಸ್ಟೈನರ 'ಬ್ಯಾಟಲ್‌ಷಿಪ್ ಪೊಟೆಂಕಿನ್' ಕೂಡ ಇತ್ತು. ಅಂಥ ಜಗತ್ಪ್ರಸಿದ್ಧ ಚಿತ್ರದ ಪಕ್ಕದಲ್ಲಿ ನಿಂತರೂ ಮೀನುಗಾರರ ಚಿತ್ರ ಮಂಕಾಗಲಿಲ್ಲ.

ಸಾಕ್ಷಿಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಚಿತ್ರದಲ್ಲಿ ಕಾಣುವ ನೀರೊಳಗಿನ ಮೀನುಗಳನ್ನು ತೆಗೆದದ್ದು ಸಮುದ್ರದಲ್ಲಲ್ಲ, ಪ್ಲಿಮತ್‌ನ ಸಂಶೋಧನಾ ಕೇಂದ್ರದ ತೊಟ್ಟಿಯಲ್ಲಿ. ಹಡಗಿನ ಕೋಣೆಯ ಒಳಭಾಗವನ್ನು ದಡದ ಮೇಲೆ ಕಟ್ಟಿಕೊಂಡಿದ್ದರು. ಆಗಿನ ಭಾರಿ ಕ್ಯಾಮರಾ, ಬೆಳಕಿಲ್ಲದ ಗೂಡು, ಬೇರೆ ದಾರಿ ಇರಲಿಲ್ಲ. ಆದರೂ ಸೃಜನಶೀಲ ನಿರೂಪಣೆ ಎಂಬ ಬಾಗಿಲು ಒಮ್ಮೆ ತೆರೆದರೆ ಯಾರು ಯಾರು ಒಳಗೆ ಬರಬಹುದು ಎಂಬುದಕ್ಕೆ ಇದೇ ಮೊದಲ ಉದಾಹರಣೆ.

ಮುಂದೆ ತಾವೇ ಚಿತ್ರ ತೆಗೆಯುವುದನ್ನು ಬಹುಮಟ್ಟಿಗೆ ಬಿಟ್ಟು, ತೆಗೆಯುವವರನ್ನು ಕೂಡಿಸತೊಡಗಿದರು. ಬೇಸಿಲ್ ರೈಟ್, ಆರ್ಥರ್ ಎಲ್ಟನ್, ಎಡ್ಗರ್ ಆನ್‌ಸ್ಟೇ, ಸ್ಟುವರ್ಟ್ ಲೆಗ್, ಹ್ಯಾರಿ ವಾಟ್ ಮುಂತಾಗಿ ಬಂದವರೆಲ್ಲ ಚಿಕ್ಕ ವಯಸ್ಸಿನವರು. ಸಂಬಳ ಕಡಿಮೆ, ಬೈಗುಳ ಜಾಸ್ತಿ, ಕಲಿತದ್ದು ಅಪಾರ. 1933ರಲ್ಲಿ ಮಾರ್ಕೆಟಿಂಗ್ ಬೋರ್ಡ್ ಮುಚ್ಚಿದಾಗ ಇಡೀ ತಂಡ ಅಂಚೆ ಇಲಾಖೆಯ ಆಶ್ರಯಕ್ಕೆ ಹೋಯಿತು. ಲಂಡನ್ನಿನಿಂದ ಸ್ಕಾಟ್‌ಲೆಂಡಿಗೆ ರಾತ್ರಿ ಓಡುವ ಟಪಾಲು ರೈಲಿನ ಮೇಲೆ 1936ರಲ್ಲಿ ಬಂದ 'ನೈಟ್ ಮೇಲ್' ಆ ತಂಡದ ಅತ್ಯಂತ ಹೆಸರಾದ ಚಿತ್ರ. ಕವಿ ಆಡನ್ ಅದಕ್ಕೆ ಪದ್ಯ ಬರೆದರು, ಬೆಂಜಮಿನ್ ಬ್ರಿಟನ್ ಸಂಗೀತ ಕೊಟ್ಟರು. ಚಹಾ ಮಂಡಳಿಯ ಹಣದಲ್ಲಿ 1934ರಲ್ಲಿ ಬೇಸಿಲ್ ರೈಟ್ ತೆಗೆದ 'ಸಾಂಗ್ ಆಫ್ ಸಿಲೋನ್' ಅತಿ ಸುಂದರವಾದ ಚಿತ್ರ. ಅದನ್ನು ನೋಡುವಾಗ ನಮ್ಮಂಥವರಿಗೆ ಮಾತ್ರ ಒಂದು ಕಸಿವಿಸಿ ಆಗದೆ ಇರುವುದಿಲ್ಲ: ಎಲೆ ಕೀಳುವವರ ಚೆಲುವು ಕಣ್ತುಂಬ ಕಾಣುತ್ತದೆ, ಅವರ ಕೂಲಿ ಎಷ್ಟೆಂದು ಕೊನೆಯವರೆಗೂ ತಿಳಿಯುವುದಿಲ್ಲ.

ಇನ್ನೊಂದು ಚಿತ್ರದಲ್ಲಿ ಜಂತೆ ಎಣಿಕೆ ಚೆನ್ನಾಗಿ ನಡೆಯಿತು. 1935ರ 'ಹೌಸಿಂಗ್ ಪ್ರಾಬ್ಲಮ್ಸ್' ಚಿತ್ರಕ್ಕೆ ಹಣ ಕೊಟ್ಟವರು ಗ್ಯಾಸ್ ಉದ್ಯಮದವರು. ಹಳೆಯ ಕೊಳೆಗೇರಿ ಬಿದ್ದು ಹೊಸ ಮನೆಗಳೆದ್ದರೆ ಗ್ಯಾಸ್ ಒಲೆ ಮಾರಾಟವಾಗುತ್ತದೆ ಎಂಬುದು ಅವರ ಲೆಕ್ಕ. ಆನ್‌ಸ್ಟೇ ಮತ್ತು ಎಲ್ಟನ್ ಕ್ಯಾಮರಾವನ್ನು ಲಂಡನ್ನಿನ ಸ್ಟೆಪ್ನಿ ಕೊಳೆಗೇರಿಯ ಮನೆಗಳೊಳಗೇ ಹೊತ್ತುಕೊಂಡು ಹೋದರು. ಅಲ್ಲಿಯ ಬಡವರು ನೇರವಾಗಿ ಕ್ಯಾಮರಾ ನೋಡಿ, ತಮ್ಮದೇ ಮಾತಿನಲ್ಲಿ, ಇಲಿಯ ಕಾಟ, ತಿಗಣೆಯ ಕಾಟ, ಬಾಗಿದ ಮೆಟ್ಟಿಲು ಎಲ್ಲವನ್ನೂ ಹೇಳಿಕೊಂಡರು. ಇಂದು ಟಿವಿಯಲ್ಲಿ ದಿನಕ್ಕೆ ನೂರು ಸಲ ಕಾಣುವ ಈ ಕ್ರಮ ಅಂದು ಹೊಚ್ಚ ಹೊಸದು. ಆ ಹೆಂಗಸರು ಗಂಡಸರು ಸಂಕೋಚ ಬಿಟ್ಟು ಮಾತಾಡಿದ್ದರ ಹಿಂದೆ ಗ್ರಿಯರ್ಸನ್ನರ ತಂಗಿ ರೂಬಿ ಇದ್ದರು. ಅಣ್ಣನ ಚಿತ್ರಗಳ ಬಗ್ಗೆ ಆಕೆಗೆ ಒಂದು ದೂರಿತ್ತು: ನೀನು ಜನರನ್ನು ಗಾಜಿನ ಬುಂಡೆಯೊಳಗಿನ ಮೀನಿನಂತೆ ನೋಡುತ್ತೀಯ, ಆ ಗಾಜು ಒಡೆಯಬೇಕು ಎಂದು. ನನ್ನ ಮಟ್ಟಿಗೆ, ಅಣ್ಣನ ಮೇಲೆ ಬಂದ ವಿಮರ್ಶೆಗಳಲ್ಲೆಲ್ಲ ಇದಕ್ಕಿಂತ ಒಳ್ಳೆಯದಿಲ್ಲ.

ರೂಬಿಯ ಕಥೆ ದುಃಖದ್ದು. 1940ರ ಸೆಪ್ಟೆಂಬರಿನಲ್ಲಿ, ಬಾಂಬು ದಾಳಿಯಿಂದ ಪಾರುಮಾಡಲು ಬ್ರಿಟಿಷ್ ಮಕ್ಕಳನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ಹಡಗಿನಲ್ಲಿ, ಆ ಮಕ್ಕಳ ಪಯಣವನ್ನು ಕೆನಡಾದ ಫಿಲಂ ಬೋರ್ಡಿಗಾಗಿ ಚಿತ್ರಿಸಲು ಆಕೆ ಹೊರಟರು. ಹಡಗಿನ ಹೆಸರು 'ಸಿಟಿ ಆಫ್ ಬನಾರಸ್', ನಮ್ಮ ಕಾಶಿಯದೇ ಹೆಸರು. ಅದರಲ್ಲಿ ದುಡಿಯುತ್ತಿದ್ದ ಖಲಾಸಿಗಳಲ್ಲಿ ಬಹಳ ಮಂದಿ ಭಾರತದವರು. 17ರ ರಾತ್ರಿ ಜರ್ಮನ್ ಜಲಾಂತರ್ಗಾಮಿ ಅದನ್ನು ಅಟ್ಲಾಂಟಿಕ್ ನಡುವೆ ಮುಳುಗಿಸಿತು. ಸರ್ಕಾರ ಕಳುಹಿಸಿದ್ದ 90 ಮಕ್ಕಳಲ್ಲಿ 77 ಮಕ್ಕಳು ಸತ್ತರು. ರೂಬಿಯೂ ಉಳಿಯಲಿಲ್ಲ.

ಕೆನಡಾದ ವಿಷಯಕ್ಕೆ ಬರೋಣ. 1938ರಲ್ಲಿ ಇಲ್ಲಿಯ ಸರ್ಕಾರ ಗ್ರಿಯರ್ಸನ್ನರನ್ನು ಕರೆಸಿ, ನಮ್ಮ ಚಲನಚಿತ್ರ ಕೆಲಸ ಹೇಗೆ ನಡೆಯುತ್ತಿದೆ ನೋಡಿ ಹೇಳಿ ಎಂದಿತು. ಅವರ ವರದಿಯ ಆಧಾರದ ಮೇಲೆ 1939ರ ಮೇ ತಿಂಗಳಲ್ಲಿ ಚಲನಚಿತ್ರ ಕಾಯಿದೆ ಬಂತು. ಅಕ್ಟೋಬರಿನಲ್ಲಿ ಅವರೇ ಮೊದಲ ಕಮಿಷನರ್ ಆದರು. ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. ದೇಶದ ಒಂದು ಭಾಗದ ಜನ ಇನ್ನೊಂದು ಭಾಗದವರ ಬದುಕನ್ನೂ ಕಷ್ಟಗಳನ್ನೂ ಅರಿಯಲು ನೆರವಾಗಬೇಕು ಎಂಬುದು ಕಾಯಿದೆಯ ಮುಖ್ಯ ಆಶಯ. ಒಟ್ಟಾವಾದಲ್ಲಿ ಕಚೇರಿ ಎಂದರೆ ಮರ ಕೊಯ್ಯುವ ಹಳೆಯ ಮಿಲ್ಲು. ಅಲ್ಲಿ ಕೂತು, ಹಗಲು ರಾತ್ರಿ ಎನ್ನದೆ, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 500 ಚಿತ್ರಗಳನ್ನು ಹೊರತಂದರು. ಕೆಲಸಗಾರರ ಸಂಖ್ಯೆ 1945ರಲ್ಲಿ ಹತ್ತಿರ ಹತ್ತಿರ 800 ಆಗಿತ್ತು. 'ಚರ್ಚಿಲ್ಸ್ ಐಲೆಂಡ್' ಎಂಬ ಅವರ ಕಿರುಚಿತ್ರಕ್ಕೆ, ಆಸ್ಕರ್‌ನವರು ಸಾಕ್ಷ್ಯಚಿತ್ರಕ್ಕೆಂದು ಬಹುಮಾನ ಆರಂಭಿಸಿದ ಮೊದಲ ವರ್ಷವೇ ಅದು ಸಿಕ್ಕಿತು. ಗೆರೆ ಮತ್ತು ಬಣ್ಣಗಳಲ್ಲಿ ಅದ್ಭುತ ಮಾಡುತ್ತಿದ್ದ ನಾರ್ಮನ್ ಮೆಕ್‌ಲಾರೆನ್‌ರನ್ನು 1941ರಲ್ಲಿ ಕರೆದು ತಂದವರೂ ಇವರೇ.

ಆದರೆ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆಸ್ಕರ್ ಅಲ್ಲ, ಹಳ್ಳಿ ಸಂಚಾರ. ಆಗಿನ ಕೆನಡಾದಲ್ಲಿ ಥಿಯೇಟರ್ ಕಾಣದ ಊರುಗಳು ಸಾವಿರಾರು. 1942ರ ಆರಂಭದಲ್ಲಿ 30 ಸಂಚಾರಿ ತಂಡಗಳು ಹೊರಟವು. ತಂಡ ಎಂದರೆ ಒಬ್ಬನೇ ಆಳು. ಅವನ ಕಾರಿನಲ್ಲಿ 16 ಎಂ.ಎಂ. ಪ್ರೊಜೆಕ್ಟರು, ಪರದೆ, ರೀಲು ಡಬ್ಬಗಳು, ಕರೆಂಟಿಲ್ಲದ ಕಡೆಗೆ ಒಂದು ಜನರೇಟರ್. ಪ್ರೇರಿ ಪ್ರದೇಶದ ಹಿಮದಲ್ಲಿ, ಕೆಸರಿನಲ್ಲಿ ಸಾಗಿ, ಹಗಲು ಶಾಲೆಯ ಮಕ್ಕಳಿಗೆ, ರಾತ್ರಿ ಊರ ಸಭಾಭವನದಲ್ಲಿ ದೊಡ್ಡವರಿಗೆ ತೋರಿಸುವುದು. ಮರುದಿನ ಮುಂದಿನ ಊರು. ತಿಂಗಳಾದ ಮೇಲೆ ಹೊಸ ಚಿತ್ರಗಳೊಡನೆ ಮತ್ತೆ ಮೊದಲ ಊರು. ಚಿತ್ರ ಮುಗಿದ ಮೇಲೆ ಜನ ಎದ್ದು ಹೋಗುತ್ತಿರಲಿಲ್ಲ, ಕೂತು ಚರ್ಚೆ ಮಾಡುತ್ತಿದ್ದರು. ಚಿತ್ರಮಂದಿರದ ಸೀಟುಗಳಿಗಿಂತ ಶಾಲೆ, ಸಂಘ, ಗ್ರಂಥಾಲಯಗಳ ಬೆಂಚುಗಳ ಮೇಲೆಯೇ ತಮ್ಮ ನಿಜವಾದ ಪ್ರೇಕ್ಷಕರಿದ್ದಾರೆ ಎಂದು ಗ್ರಿಯರ್ಸನ್ ನಂಬಿದ್ದರು. ನಮ್ಮ ಕಡೆ ವಾರ್ತಾ ಇಲಾಖೆಯ ವ್ಯಾನು ಊರಿಗೆ ಬಂದು, ಶಾಲೆಯ ಮುಂದೆ ಬಿಳಿ ಬಟ್ಟೆ ಕಟ್ಟಿ, ನಾವು ಚಾಪೆ ಕಂಬಳಿ ಹಾಸಿಕೊಂಡು ಕೂರುತ್ತಿದ್ದೆವಲ್ಲ, ಅದೇ ಕೆಲಸ. ಒಂದೇ ವ್ಯತ್ಯಾಸ: ನಮ್ಮಲ್ಲಿ ಚಿತ್ರ ಮುಗಿದ ಕೂಡಲೆ ವ್ಯಾನು ಹೊರಡುತ್ತಿತ್ತು, ನಿಮಗೇನನ್ನಿಸಿತು ಎಂದು ಕೇಳುವವರು ಇರಲಿಲ್ಲ.

ಹೊಗಳಿಕೆ ಇಷ್ಟಕ್ಕೆ ನಿಲ್ಲಿಸಿ, ಕನ್ನಡದ 'ಸಾಕ್ಷ್ಯ' ಎಂಬ ಅಳತೆಗೋಲನ್ನು ಹಿಡಿಯೋಣ. ಯುದ್ಧಕಾಲದ ಫಿಲಂ ಬೋರ್ಡ್ ಎಣಿಸದೆ ಬಿಟ್ಟ ಜಂತೆಗಳು ಹಲವು. 1942ರಲ್ಲಿ ಈ ದೇಶದ ಸರ್ಕಾರ ಪಶ್ಚಿಮ ಕರಾವಳಿಯ ಸುಮಾರು 22,000 ಜಪಾನಿ ಮೂಲದ ಜನರನ್ನು, ಅವರಲ್ಲಿ ಬಹುಪಾಲು ಇಲ್ಲಿಯೇ ಹುಟ್ಟಿದ ಅಥವಾ ಇಲ್ಲಿಯ ಪೌರರಾದವರನ್ನು, ಮನೆಮಠ ಬಿಡಿಸಿ ಒಳನಾಡಿನ ಶಿಬಿರಗಳಿಗೆ ಅಟ್ಟಿತು. 1945ರಲ್ಲಿ ಫಿಲಂ ಬೋರ್ಡ್ 'ಆಫ್ ಜಪಾನೀಸ್ ಡಿಸೆಂಟ್' ಎಂಬ ಚಿತ್ರ ತೆಗೆಯಿತು. ಶಿಬಿರದ ಶಾಲೆ, ಆಸ್ಪತ್ರೆ, ಅಚ್ಚುಕಟ್ಟಾದ ಏರ್ಪಾಡು ಎಲ್ಲ ಅದರಲ್ಲಿ ಕಾಣುತ್ತದೆ. ಕಳೆದುಕೊಂಡ ಮನೆ, ದೋಣಿ, ಅಂಗಡಿಗಳು ಕಾಣುವುದಿಲ್ಲ. ಕೆನಡಾ ಸರ್ಕಾರ ಕ್ಷಮೆ ಕೇಳಲು 1988 ಬರಬೇಕಾಯಿತು. ಅದೇ ವರ್ಷಗಳಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ದಶಕಗಳಿಂದ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ನಮ್ಮ ದೇಶದವರಿಗೆ ಮತ ಹಾಕುವ ಹಕ್ಕಿರಲಿಲ್ಲ; ಅದು ಸಿಕ್ಕಿದ್ದು 1947ರಲ್ಲಿ. ಕೆನಡಾವನ್ನು ಕೆನಡಿಯನ್ನರಿಗೆ ಪರಿಚಯಿಸುವುದು ಎಂದರೆ ಯಾರು ಕೆನಡಿಯನ್ನರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಷಿಕಾಗೋದಲ್ಲಿ ವಲಸೆಗಾರರನ್ನು ಅಷ್ಟು ಹತ್ತಿರದಿಂದ ಕಂಡ ಮನುಷ್ಯ ಇಲ್ಲಿ ಆ ಪ್ರಶ್ನೆಯನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬಹುದಿತ್ತು.

ಹೆಂಗಸರ ವಿಷಯದಲ್ಲೂ ಹಾಗೆಯೇ. ಗಂಡಸರು ಯುದ್ಧಕ್ಕೆ ಹೋದಾಗ ಎಷ್ಟೋ ಮಂದಿ ಯುವತಿಯರಿಗೆ ಅವರು ಕ್ಯಾಮರಾ ಕೊಟ್ಟರು, ಸಂಕಲನದ ಕೋಣೆ ಕೊಟ್ಟರು. ಅದು ದೊಡ್ಡ ಮಾತು. ಆದರೆ ಒಂದು ಮುಖ್ಯ ಚಿತ್ರಮಾಲೆಯ ಕೆಲಸವನ್ನೆಲ್ಲ ಹೊತ್ತು ನಡೆಸುತ್ತಿದ್ದ ಜೇನ್ ಮಾರ್ಷ್ ಅವರಿಗೆ ಮುಖ್ಯಸ್ಥರ ಪದವಿ ಕೊಡಲಿಲ್ಲ, ಹೆಣ್ಣೆಂಬ ಕಾರಣಕ್ಕೆ. ಆಕೆ 1944ರಲ್ಲಿ ರಾಜೀನಾಮೆ ಕೊಟ್ಟು ನಡೆದರು. ಸಮಾಜ ಸುಧಾರಕರ ಮನೆಯ ಮಗ!

ಊಟ ಹಾಕಿದ ಮನೆ ಒಂದು ದಿನ ಎಲೆ ಎತ್ತಿಸಿತು. ಯುದ್ಧ ಮುಗಿದೊಡನೆ, 1945ರಲ್ಲಿ, ಗ್ರಿಯರ್ಸನ್ ರಾಜೀನಾಮೆ ಕೊಟ್ಟು ನ್ಯೂಯಾರ್ಕಿನಲ್ಲಿ ಅಂತರರಾಷ್ಟ್ರೀಯ ಚಿತ್ರಗಳ ಕಂಪನಿ ಕಟ್ಟುವ ಯೋಜನೆ ಹಾಕಿದ್ದರು. ಅದೇ ಸೆಪ್ಟೆಂಬರಿನಲ್ಲಿ ಒಟ್ಟಾವಾದ ಸೋವಿಯತ್ ರಾಯಭಾರ ಕಚೇರಿಯ ಗುಮಾಸ್ತ ಇಗೋರ್ ಗೂಝೆಂಕೊ ಗುಪ್ತ ಕಾಗದಪತ್ರಗಳನ್ನು ಹೊತ್ತು ಹೊರಗೆ ಬಂದ. ಆ ಪತ್ರಗಳಲ್ಲಿದ್ದ ಒಂದು ಚೂರು ಟಿಪ್ಪಣಿಯಲ್ಲಿ ಗ್ರಿಯರ್ಸನ್ನರ ಹೆಸರಿತ್ತು. ಅವರ ಕಚೇರಿಯಲ್ಲಿ ಕೆಲವು ತಿಂಗಳು ಕಾರ್ಯದರ್ಶಿಯಾಗಿದ್ದ ಯುವತಿಯ ಮೇಲೆ ಗೂಢಚರ್ಯೆಯ ಶಂಕೆ. 1946ರಲ್ಲಿ ವಿಚಾರಣಾ ಆಯೋಗದ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಲಿಲ್ಲ, ಆರೋಪಪಟ್ಟಿಯೂ ಬರಲಿಲ್ಲ. ಆದರೂ ಅಮೆರಿಕದ ವೀಸಾ ಹೋಯಿತು, ನ್ಯೂಯಾರ್ಕಿನ ಯೋಜನೆ ಕುಸಿಯಿತು. ವೀಸಾ ಎಂಬ ಒಂದು ಮುದ್ರೆಯ ಮೇಲೆ ಮನುಷ್ಯನ ಮುಂದಿನ ಬದುಕು ಹೇಗೆ ನೇತಾಡುತ್ತದೆ ಎಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಮುಂದಿನ ಇಪ್ಪತ್ತು ವರ್ಷವನ್ನು ಬೇಗ ದಾಟಬಹುದು. ಪ್ಯಾರಿಸ್ಸಿನ ಯುನೆಸ್ಕೋದಲ್ಲಿ ಸಮೂಹ ಸಂಪರ್ಕದ ನಿರ್ದೇಶಕರಾದರು. 1948ರಲ್ಲಿ ಲಂಡನ್ನಿಗೆ ಹೋಗಿ ಸರ್ಕಾರಿ ಚಿತ್ರಗಳ ನಿಯಂತ್ರಣ ವಹಿಸಿದರು. 1951ರಲ್ಲಿ ಸರ್ಕಾರದ ಸಾಲದ ಹಣದಿಂದ ಕಥಾಚಿತ್ರ ತೆಗೆಯುವ ಗ್ರೂಪ್ ಥ್ರೀ ಎಂಬ ಸಂಸ್ಥೆಗೆ ಹೆಗಲು ಕೊಟ್ಟರು, ಅದು ನಾಲ್ಕೈದು ವರ್ಷಕ್ಕೆ ಮುಚ್ಚಿತು. ಮೊದಲಿನ ಹುರುಪು ಎಲ್ಲಿಯೂ ಮರಳಲಿಲ್ಲ. 1957ರಲ್ಲಿ, ಅರವತ್ತರ ಹತ್ತಿರದಲ್ಲಿ, ಸ್ಕಾಟಿಷ್ ಟೆಲಿವಿಷನ್ನಿನಲ್ಲಿ 'ದಿಸ್ ವಂಡರ್‌ಫುಲ್ ವರ್ಲ್ಡ್' ಎಂಬ ಕಾರ್ಯಕ್ರಮ ಶುರುವಾಯಿತು. ಜಗತ್ತಿನ ನಾನಾ ಕಡೆಯ ಚಿತ್ರಗಳ ತುಣುಕುಗಳನ್ನು ತೋರಿಸಿ, ತಾವೇ ಎದುರು ಕೂತು ಮಾತಾಡುವುದು. ಜನರಿಗೆ ಬಹಳ ಹಿಡಿಸಿತು. ಇಷ್ಟು ವರ್ಷ ಪರದೆಯ ಹಿಂದಿದ್ದ ಮೇಷ್ಟ್ರ ಮಗ ಕಡೆಗೂ ತರಗತಿಯ ಮುಂದೆ ಬಂದಿದ್ದರು.

ನಿಜವಾದ ತರಗತಿ ಸಿಕ್ಕಿದ್ದು 1969ರಲ್ಲಿ, ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ. ಎಪ್ಪತ್ತು ದಾಟಿದ ಮುದುಕರು. ಎದುರಿಗೆ ಉದ್ದ ಕೂದಲು ಬಿಟ್ಟ, ಸರ್ಕಾರವೆಂದರೆ ಸಿಟ್ಟು ಬರುವ ಅರವತ್ತರ ದಶಕದ ಹುಡುಗ ಹುಡುಗಿಯರು. ನೂರಾರು ಜನ ಬಂದು ಕೂರುತ್ತಿದ್ದರು. ಇವರು ಅವರನ್ನು ಓಲೈಸಲಿಲ್ಲ. ನಿಮ್ಮ ಮನಸ್ಸಿನ ಒಳತೋಟಿಯನ್ನು ಚಿತ್ರ ತೆಗೆಯುವುದಿರಲಿ, ಊರಿಗೆ ನೀರು ಎಲ್ಲಿಂದ ಬರುತ್ತದೆ ಗೊತ್ತೇ ಎನ್ನುವ ಧಾಟಿ ಅವರದು. ಆಗ ಫಿಲಂ ಬೋರ್ಡಿನ ಹೊಸ ಪೀಳಿಗೆಯವರು, ಜನರ ಕೈಗೇ ಕ್ಯಾಮರಾ ಕೊಡುವ, ತೆಗೆದದ್ದನ್ನು ಮೊದಲು ಅವರಿಗೇ ತೋರಿಸಿ ಒಪ್ಪಿಗೆ ಪಡೆಯುವ ಪ್ರಯೋಗಗಳನ್ನು ನಡೆಸಿದ್ದರು. 1967ರಲ್ಲಿ ನ್ಯೂಫೌಂಡ್‌ಲೆಂಡಿನ ಫೋಗೊ ದ್ವೀಪದ ಮೀನುಗಾರರ ನಡುವೆ ಅದು ನಡೆದಿತ್ತು. ರೂಬಿ ಕೇಳಿದ್ದು ಇದನ್ನೇ ಅಲ್ಲವೆ? ಅಣ್ಣನಿಗೆ ಮಾತ್ರ ಪೂರ್ತಿ ನಂಬಿಕೆ ಬರಲಿಲ್ಲ. ಕ್ಯಾಮರಾ ಯಾರ ಕೈಯಲ್ಲಿದೆ ಎಂಬುದರಷ್ಟೇ, ಹಿಡಿದವರಿಗೆ ವಿಷಯ ಎಷ್ಟು ಗೊತ್ತು ಎಂಬುದೂ ಮುಖ್ಯ ಎಂದು ಅವರ ವಾದ.

ಆದರೆ ಭಾರತ ಅವರನ್ನು ಅದೇ ದಾರಿಗೆ ಎಳೆಯಿತು. ಭಾರತದಲ್ಲಿ ಅವರ ನೆರಳು ಮೊದಲೇ ಬಿದ್ದಿತ್ತು. 1940ರಲ್ಲಿ ಬ್ರಿಟಿಷ್ ಸರ್ಕಾರ ಮುಂಬಯಿಯಲ್ಲಿ ಯುದ್ಧಪ್ರಚಾರದ ಚಿತ್ರಗಳಿಗಾಗಿ ಮಂಡಳಿ ಮಾಡಿದಾಗ ಅದಕ್ಕೆ ಕಳುಹಿಸಿದ್ದು ಗ್ರಿಯರ್ಸನ್ ಬಳಗದ ಅಲೆಕ್ಸಾಂಡರ್ ಷಾ ಅವರನ್ನು. ಅದರ ಮುಂದಿನ ಕುಡಿಯೇ 1948ರ ಫಿಲಂಸ್ ಡಿವಿಜನ್. ಮುಂಬಯಿಯ ಒಂದೇ ಕಚೇರಿಯಲ್ಲಿ ತಯಾರಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಧ್ವನಿ ಅಂಟಿಸಿಕೊಂಡು, ಊರೂರಿಗೆ ಹೋಗುವ ರೀಲು. ಬೀದರಿಗೂ ಅದೇ, ಮಡಿಕೇರಿಗೂ ಅದೇ. ಒಳ್ಳೆಯ ಚಿತ್ರಗಳು ಬರಲಿಲ್ಲವೆಂದಲ್ಲ. ಆದರೆ ಗ್ರಿಯರ್ಸನ್ ಮಾದರಿಯಲ್ಲಿ ಯಜಮಾನನ ಭಾಗ ಮಾತ್ರ ಬಲಿತು, ಹಳ್ಳಿಯ ಸಭಾಭವನದ ಚರ್ಚೆಯ ಭಾಗ ಸೊರಗಿತು. 2022ರಲ್ಲಿ ಫಿಲಂಸ್ ಡಿವಿಜನ್ ಪ್ರತ್ಯೇಕ ಸಂಸ್ಥೆಯಾಗಿ ಉಳಿಯದೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು.

1971ರಲ್ಲಿ ಗ್ರಿಯರ್ಸನ್ ಕೆಲವು ತಿಂಗಳು ಭಾರತದಲ್ಲಿದ್ದರು. ಇಷ್ಟು ದೊಡ್ಡ, ಇಷ್ಟು ಭಾಷೆಗಳ ದೇಶಕ್ಕೆ ಒಂದು ದೊಡ್ಡ ಕಚೇರಿಯಿಂದ ಚಿತ್ರ ಕಳಿಸುವುದು ಸಲ್ಲದು; ನಾಡಿನ ಉದ್ದಗಲಕ್ಕೂ ಸಣ್ಣ ಸಣ್ಣ ಘಟಕಗಳು ಬೇಕು ಎಂದು ಒತ್ತಿ ಹೇಳಿದರು. ದೊಡ್ಡ ಸಂಸ್ಥೆ ಕಟ್ಟಿಯೇ ಹೆಸರಾದವರು ಕಡೆಗಾಲದಲ್ಲಿ ಸಣ್ಣದರ ಕಡೆಗೆ ವಾಲಿದರು. ಡಿಸೆಂಬರಿನಲ್ಲಿ ಇಂಗ್ಲೆಂಡಿಗೆ ಹೋದರು. ಮತ್ತೆ ಭಾರತಕ್ಕೆ ಮರಳುವುದಿತ್ತು. ಬಾಂಗ್ಲಾದೇಶದ ಯುದ್ಧ ಅಡ್ಡ ಬಂತು. ಜನವರಿಯಲ್ಲಿ ಆಸ್ಪತ್ರೆಯವರು ಕ್ಯಾನ್ಸರ್ ಎಂದರು. ಹಾಸಿಗೆಯ ಮೇಲಿಂದಲೇ ಹೆಂಡತಿ ಮಾರ್ಗರೆಟ್ ಅವರಿಗೆ ಪತ್ರಗಳನ್ನು ಹೇಳಿ ಬರೆಸುತ್ತಿದ್ದರು. ನಲವತ್ತಮೂರು ವರ್ಷದ ಹಿಂದೆ 'ಡ್ರಿಫ್ಟರ್ಸ್' ಚಿತ್ರದ ಸಂಕಲನಕ್ಕೆ ನೆರವಾಗಿದ್ದವರೂ ಆಕೆಯೇ. 1972ರ ಫೆಬ್ರವರಿ 19ರಂದು ಬಾತ್ ಪಟ್ಟಣದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಅಸ್ಥಿಯನ್ನು ಮೀನುಗಾರರ ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಬಿಟ್ಟರು. ಜೊತೆಗೆ ಬಂದ ದೋಣಿಗಳು ಎಂಜಿನ್ ನಿಲ್ಲಿಸಿ, ಸೈರನ್ ಮೊಳಗಿಸಿದವು.

ಅವರು ಭಾರತದಲ್ಲಿ ಅರ್ಧಕ್ಕೆ ಬಿಟ್ಟದ್ದನ್ನು ಬೇರೆ ರೀತಿಯಲ್ಲಿ ಮುಂದುವರಿಸಿದವರು ಅವರ ಕೆನಡಾದ ಶಿಷ್ಯ ಜೇಮ್ಸ್ ಬೆವರಿಜ್. ವ್ಯಾಂಕೂವರಿನಲ್ಲಿ 1917ರಲ್ಲಿ ಹುಟ್ಟಿ, 1939ರಲ್ಲಿ ಫಿಲಂ ಬೋರ್ಡಿಗೆ ಸೇರಿದ ಮೊದಲ ಕೆಲವರಲ್ಲಿ ಒಬ್ಬರು. 1954ರಲ್ಲಿ ಮುಂಬಯಿಗೆ ಬಂದು ಬರ್ಮಾ ಷೆಲ್ ಕಂಪನಿಯ ಚಿತ್ರ ಘಟಕವನ್ನು ನಡೆಸಿದರು. ಮುಂದೆ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಚಲನಚಿತ್ರ ವಿಭಾಗವನ್ನು ಕಟ್ಟಿದರು. ಗುರುವಿನ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. 1982ರಲ್ಲಿ ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ, ಆಗಿನ ಕುಲಪತಿ ಅನ್ವರ್ ಜಮಾಲ್ ಕಿದ್ವಾಯಿಯವರ ಜೊತೆ ಸೇರಿ, ಸಮೂಹ ಸಂಪರ್ಕ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಯಾರ್ಕ್ ವಿಶ್ವವಿದ್ಯಾನಿಲಯವೂ ಕೆನಡಾ ಸರ್ಕಾರದ ನೆರವು ಸಂಸ್ಥೆಯೂ ಅದರ ಬೆನ್ನಿಗಿದ್ದವು. ನಮ್ಮ ದೇಶದ ಸಾಕ್ಷ್ಯಚಿತ್ರಕಾರರಲ್ಲಿ, ಟಿವಿ ವರದಿಗಾರರಲ್ಲಿ ಅಲ್ಲಿ ಕಲಿತು ಬಂದವರು ಬಹಳ ಮಂದಿ. ಸರ್ಕಾರಕ್ಕೆ ಹಿತವಾಗದ ಚಿತ್ರ ತೆಗೆದವರೂ ಅವರಲ್ಲಿದ್ದಾರೆ. ಬೆವರಿಜ್ 1993ರಲ್ಲಿ ತೀರಿಕೊಂಡರು.